ಬಿಲ್ಡ್ ಪಾಸ್ ಆಯ್ತು, ನಡುವಿನ ಕಮಿಟ್‌ಗಳು ಎಲ್ಲಿ ಹೋದವು?

ಹಾಸನದ ಓದುಗರೊಬ್ಬರ ಪ್ರಶ್ನೆ: ಕೋಡ್ ಜೋಡಿಸಿ ತಾನೇ ಪರೀಕ್ಷಿಸುವ ಜೆಂಕಿನ್ಸ್ ತಂತ್ರಾಂಶದಲ್ಲಿ 41, 42, 43ನೇ ಬಿಲ್ಡ್ (ಅಂಥ ಒಂದೊಂದು ಓಟ) ಸಾಲಾಗಿ ಫೇಲ್ ಆದವು. 44 ಪಾಸ್ ಆಯಿತು. ಆದರೆ 44ರ ಚೇಂಜಸ್ ಪುಟದಲ್ಲಿ ಒಂದೇ ಕಮಿಟ್ (ಕೋಡ್‌ನಲ್ಲಿ ಮಾಡಿ ದಾಖಲಿಸಿದ ಬದಲಾವಣೆ) ಇದೆ. ಟೆಸ್ಟಿಂಗ್‌ನವರಿಗೆ ಯಾವ ಪಟ್ಟಿ ಕೊಡಲಿ?

ಕಮಿಟ್‌ಗಳು ಎಲ್ಲೂ ಹೋಗಿಲ್ಲ. ಆ ಪುಟ ಹಿಂದಿನ ಬಿಲ್ಡ್ ಆದಮೇಲೆ ಬಂದದ್ದನ್ನು ಮಾತ್ರ ತೋರಿಸುತ್ತದೆ, ಆ ಹಿಂದಿನದು ಪಾಸೋ ಫೇಲೋ ಅಂತ ನೋಡುವುದಿಲ್ಲ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು, ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಬರೆದಿಟ್ಟು ನೀರು ಚೆಲ್ಲುತ್ತಾರಲ್ವಾ, ಹಾಗೆ. ಇವತ್ತಿನ 20 ಸೆಂಟ್ ನೋಡಿ ಗೊಬ್ಬರ ಹಾಕಿದ ಮೇಲೆ ಬಂದ ಮಳೆ ಇಷ್ಟೇ ಅನ್ನೋಕಾಗಲ್ಲ. ಗೊಬ್ಬರ ಹಾಕಿದ ದಿನದಿಂದ ಕೂಡಬೇಕು.

ನಿಮ್ಮ ಲೆಕ್ಕ ಶುರುವಾಗಬೇಕಾದ್ದು 44ಕ್ಕೂ ಮುಂಚೆ ಕೊನೆಯ ಸಲ ಪಾಸ್ ಆದ 40ರಿಂದ. ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದು. ಒಂದು ಸಲ ಕೊನೆಯ ಬಿಲ್ಡ್‌ನ ಪಟ್ಟಿಯನ್ನೇ ಕಳಿಸಿದ್ದೆ, ಅದರಲ್ಲಿದ್ದದ್ದು ಒಂದು ಬಟನ್ ಮೇಲಿನ ಅಕ್ಷರ ತಿದ್ದಿದ್ದು ಅಷ್ಟೇ. ಫೇಲ್ ಆಗಿದ್ದ ಬಿಲ್ಡ್ ಒಂದರಲ್ಲಿ ಡೇಟಾಬೇಸ್‌ನ ಕಾಲಮ್ ಬದಲಾಗಿತ್ತು. ಅದನ್ನು ಯಾರೂ ಟೆಸ್ಟ್ ಮಾಡಲಿಲ್ಲ, ಹಳೇ ಬಿಲ್‌ಗಳು ತೆರೆಯದೇ ಹೋದವು.

ಮಾಡೋದು ಸುಲಭ. ಕಮಿಟ್‌ಗಳ ಇತಿಹಾಸ ಇಟ್ಟುಕೊಳ್ಳುವುದು ಗಿಟ್; ಜೆಂಕಿನ್ಸ್‌ನ ಗಿಟ್ ಪ್ಲಗಿನ್ ಎರಡು ವೇರಿಯಬಲ್ ಕೊಡುತ್ತದೆ: ಗಿಟ್ ಪ್ರೀವಿಯಸ್ ಕಮಿಟ್, ಗಿಟ್ ಪ್ರೀವಿಯಸ್ ಸಕ್ಸೆಸ್‌ಫುಲ್ ಕಮಿಟ್. ನಿಮಗೆ ಬೇಕಾದ್ದು ಎರಡನೆಯದು. ಅದರಿಂದ ಈಗಿನ ಕಮಿಟ್‌ವರೆಗೆ, ನಡುವೆ ಎರಡು ಚುಕ್ಕಿ ಇಟ್ಟು ಗಿಟ್ ಲಾಗ್ ಓಡಿಸಿದರೆ ಪೂರ್ತಿ ಪಟ್ಟಿ ಸಿಗುತ್ತದೆ. ಮೊದಲ ಬಿಲ್ಡ್‌ನಲ್ಲಿ ಅದು ಖಾಲಿ ಇರುತ್ತದೆ, ಸ್ಕ್ರಿಪ್ಟ್‌ನಲ್ಲಿ ಅದನ್ನೂ ನೋಡಿಕೊಳ್ಳಿ. ಜೆಂಕಿನ್ಸ್‌ನಲ್ಲಿ 'ಲಾಸ್ಟ್ ಸಕ್ಸೆಸ್‌ಫುಲ್' ಅಂದರೆ ಟೆಸ್ಟ್ ಬಿದ್ದು ಹಳದಿಯಾದ ಅನ್‌ಸ್ಟೇಬಲ್ ಬಿಲ್ಡ್ ಕೂಡ ಸೇರುತ್ತದೆ. ಎಲ್ಲ ಪಾಸ್ ಆದದ್ದೇ ಬೇಕಿದ್ದರೆ 'ಲಾಸ್ಟ್ ಸ್ಟೇಬಲ್' ಹಿಡಿಯಿರಿ.

ಜೆಂಕಿನ್ಸ್ ಬದಲು ಗಿಟ್‌ಹಬ್‌ನದೇ ಬಿಲ್ಡ್ ವ್ಯವಸ್ಥೆಯಾದ ಗಿಟ್‌ಹಬ್ ಆಕ್ಷನ್ಸ್ ಬಳಸುವವರಿಗೆ ಬೇರೆ ತೊಡಕು. ಅಲ್ಲಿ ಕೋಡ್ ಇಳಿಸುವ ಚೆಕ್‌ಔಟ್ ಹಂತವನ್ನು ಸುಮ್ನೆ ಬಿಟ್ಟರೆ ಒಂದೇ ಕಮಿಟ್ ಇಳಿಸುತ್ತದೆ, ಹಳೆಯದು ಸಿಗುವುದೇ ಇಲ್ಲ. ಫೆಚ್ ಡೆಪ್ತ್ 0 ಅಂತ ಕೊಡಿ, ಹಳೆಯವೂ ಎಲ್ಲ ಬರುತ್ತವೆ.

ಇನ್ನೂ ಫೇಲ್ ಆಗ್ತಾನೇ ಇದ್ದು, ಕೆಡಿಸಿದ ಕಮಿಟ್ ಹುಡುಕಬೇಕಿದ್ದರೆ ಗಿಟ್ ಬೈಸೆಕ್ಟ್ ಇದೆ. ಪ್ರತಿ ಸಲ ಅರ್ಧ ಭಾಗ ಬಿಟ್ಟುಬಿಡುವುದರಿಂದ 16 ಕಮಿಟ್ ಇದ್ದರೂ 4 ಸಲ ನೋಡಿದರೆ ಸಾಕು. ಪಟ್ಟಿ ಖಾಲಿಯಿದ್ದೂ ಬಿಲ್ಡ್ ಬಿದ್ದರೆ ಕೋಡ್ ಬಿಡಿ, ಲೈಬ್ರರಿ ವರ್ಷನ್ ಬದಲಾಗಿದೆಯಾ, ಸರ್ವರ್‌ನ ಡಿಸ್ಕ್ ತುಂಬಿದೆಯಾ ಅಂತ ಮೊದಲು ನೋಡಿ.