ಯಾರದೋ ಹೊಲದ ನಡುವೆ ಹಾಯ್ದು ಹೋಗಬಹುದೇ?

ಪ್ರಶ್ನೆ: ಮಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಈ ಬಾರಿ ಹೋದಾಗ ಲೇಕ್ ಡಿಸ್ಟ್ರಿಕ್ಟ್‌ನ ವಾಟೆಂಡ್ಲತ್ ಎಂಬ ಪುಟ್ಟ ಊರಿಗೆ ನಡೆದೇ ಹೋಗುವ ಆಸೆ. ಅಲ್ಲಿ ಕಾಲುದಾರಿಗಳು ಕುರಿ ಮೇಯುವ ಹೊಲಗಳ ನಡುವೆಯೇ ಹೋಗುತ್ತವಂತೆ. ಯಾರಾದರೂ ತಡೆದರೆ?

ಉತ್ತರ: ತಡೆಯುವಂತಿಲ್ಲ. ಹೊಲ ಇನ್ನೊಬ್ಬರದ್ದೇ ಇರಲಿ, ಅದರ ಮೇಲಿನ ಗುರುತಾದ ದಾರಿ ಎಲ್ಲರದು. ಚರ್ಚಿಗೆ, ಗಿರಣಿಗೆ, ಸಂತೆಗೆ ಜನ ತಲೆಮಾರುಗಳಿಂದ ತುಳಿದ ಜಾಡುಗಳಿವು. 1949ರ ಕಾಯ್ದೆಯ ನಂತರ ಅಲ್ಲಿನ ಕೌನ್ಸಿಲ್‌ಗಳು ಇವನ್ನು ಅಧಿಕೃತ ನಕ್ಷೆಗೆ ಏರಿಸಿದವು. ನಮ್ಮ ಕಂದಾಯ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ನಕಾಶೆ ದಾರಿ. ಹೊಲದ ನಡುವಿನ ಕಾಲುದಾರಿಯನ್ನು ಬಿತ್ತನೆಗೆಂದು ಉತ್ತರೂ ಸಾಮಾನ್ಯವಾಗಿ 14 ದಿನದೊಳಗೆ ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಬಂಡಿದಾರಿಗಾಗಿ ತಾಲ್ಲೂಕು ಕಚೇರಿ ಅಲೆದವರಿಗೆ ಇದನ್ನು ಓದಿ ಹೊಟ್ಟೆಕಿಚ್ಚಾದರೆ ತಪ್ಪಿಲ್ಲ.

ಕಂಬಗಳ ಮೇಲಿನ ಬಾಣ ನೋಡಿಕೊಳ್ಳಿ. ಹಳದಿಯಾದರೆ ನಡೆಯುವವರಿಗಷ್ಟೇ, ನೀಲಿಯಾದರೆ ಕುದುರೆ, ಸೈಕಲ್ಲೂ ಬರುತ್ತವೆ. ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಇವು ಹಸಿರು ಗೆರೆ. ನಿಮಗೆ ಬೇಕಾದದ್ದು ಓಎಲ್4 ಎಂಬ ಸಂಖ್ಯೆಯ ಹಾಳೆ. ಮೊಬೈಲ್ ಸಿಗ್ನಲ್ ನೆಚ್ಚಿ ಹೊರಡಬೇಡಿ.

ಕೆಲವೆಡೆ ಬೇಲಿ ದಾಟಲು ಮರದ ಮೆಟ್ಟಿಲಿರುತ್ತದೆ. ಕರಾವಳಿಯವರಿಗೆ ಕಂಡೊಡನೆ ಗುರುತು ಹತ್ತೀತು, ಅದು ನಮ್ಮ ತಡಮೆಯೇ: ಮನುಷ್ಯರು ದಾಟುತ್ತಾರೆ, ದನ ದಾಟುವುದಿಲ್ಲ. ಗೇಟು ಸಿಕ್ಕರೆ ಹೇಗಿತ್ತೋ ಹಾಗೇ ಬಿಡಿ. ತೆರೆದಿಟ್ಟದ್ದನ್ನು ಒಳ್ಳೆಯದಾಗಲಿ ಎಂದು ಮುಚ್ಚಿದರೆ ಕುರಿಗಳಿಗೆ ನೀರಿನ ದಾರಿ ಕಟ್ಟಾಗಬಹುದು. ಕರುವಿರುವ ಹಸುವಿನಿಂದ ಮಾತ್ರ ದೂರವಿರಿ. ಆ ವಿಷಯದಲ್ಲಿ ಹಸು ಎಲ್ಲಿಯದಾದರೂ ಒಂದೇ.

ಪೆನ್ರಿತ್‌ವರೆಗೆ ರೈಲು, ಅಲ್ಲಿಂದ ಕೆಸಿಕ್‌ಗೆ ಬಸ್ಸು. ಕೆಸಿಕ್‌ನಲ್ಲಿ 78ನೇ ನಂಬರಿನ ಬಸ್ಸು ಹತ್ತಿ ರಾಸ್ತ್‌ವೇಟ್‌ನಲ್ಲಿ ಇಳಿದು ಗುಡ್ಡ ಹತ್ತಿಳಿದರೆ ಊರು. ಆರಾಮಾಗಿ ನಡೆದರೆ ಸುಮಾರು ಒಂದು ಗಂಟೆ. ಆಶ್‌ನೆಸ್ ಸೇತುವೆಯ ಕಡೆಯಿಂದ ಕಾರಿನಲ್ಲೂ ಬರಬಹುದು. ಆದರೆ ರಸ್ತೆ ಒಂದೇ ವಾಹನದಷ್ಟು ಅಗಲ, ಎದುರಿಗೆ ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೋಗಬೇಕಾದವರು ಬಹುಶಃ ನೀವೇ. ನಾನಾದರೆ ನಡೆಯುತ್ತೇನೆ.

ಊರೆಂದರೆ ನಮ್ಮ ಮಜರೆಯ ಹಾಗೆ. ಒಂದು ಪುಟ್ಟ ಕೆರೆ, ಹೇರು ಕುದುರೆಗಳಿಗಾಗಿ ಕಟ್ಟಿದ ಹಳೆಯ ಕಲ್ಲಿನ ಸೇತುವೆ, ಬೆರಳೆಣಿಕೆಯ ಮನೆಗಳು. ಚರ್ಚೂ ಇಲ್ಲ, ಹಿಂದಿನವರು ಹಳ್ಳಿಯಿಂದ ಇಂಥ ಊರನ್ನು ಬೇರೆ ಮಾಡುತ್ತಿದ್ದದ್ದೇ ಹಾಗೆ. ಬುತ್ತಿ, ನೀರು ಜೊತೆಗಿರಲಿ.

ಇನ್ನೊಂದು: ಹಕ್ಕಿರುವುದು ದಾರಿಯ ಮೇಲೆ. ಫೋಟೊಗೆಂದು ಯಾರದೋ ಅಂಗಳಕ್ಕೆ ಇಳಿದರೆ ಆಗ ಖಂಡಿತ ತಡೆಯುತ್ತಾರೆ.