ಮೂಗಿನ ತುದಿಯಲ್ಲೊಂದು ಮುಕ್ಕಾಲಿ

ಮೂಗಿನ ಮೇಲೆ ಕನ್ನಡಕ ಕೂರುವ ಜಾಗವನ್ನು ಮುಟ್ಟಿ ನೋಡಿ. ಗಟ್ಟಿ ಎಲುಬು ಸಿಗುತ್ತದೆ. ಬೆರಳನ್ನು ಹಾಗೇ ಕೆಳಗೆ ಜಾರಿಸಿ ತುದಿಯನ್ನು ಒತ್ತಿ. ಒಳಕ್ಕೆ ಹೋಗುತ್ತದೆ, ಬಿಟ್ಟರೆ ತಟ್ಟನೆ ಮೊದಲಿನಂತಾಗುತ್ತದೆ. ಅಲ್ಲಿ ಎಲುಬೇ ಇಲ್ಲ. ತುದಿಯನ್ನು ಎತ್ತಿ ಹಿಡಿದಿರುವುದು ಎರಡು ತೆಳುವಾದ ಮೃದ್ವಸ್ಥಿಗಳು, ಅಂದರೆ ಎಲುಬಿಗಿಂತ ಮೆತ್ತಗೆ, ಬಾಗುವಂತೆ ಇರುವ ಕಾರ್ಟಿಲೇಜ್.

ಹೊಳ್ಳೆಗೊಂದರಂತೆ ಇರುವ ಇವು ಕಮಾನಿನ ಹಾಗೆ ಬಾಗಿವೆ. ಒಳಗಾಲು ಎರಡು ಹೊಳ್ಳೆಗಳ ನಡುವಿನ ಕಂಬದೊಳಗೆ ಇಳಿಯುತ್ತದೆ, ಹೊರಗಾಲು ಪಕ್ಕಕ್ಕೆ ಚಾಚುತ್ತದೆ. ಒಳಗಾಲುಗಳು ಜೊತೆಯಾಗಿ ಒಂದೇ ಕಾಲಿನಂತೆ ನಿಲ್ಲುವುದರಿಂದ ಒಟ್ಟು ಮೂರು ಕಾಲು. ಅಮೆರಿಕದ ಸರ್ಜನ್ ಜ್ಯಾಕ್ ಆಂಡರ್ಸನ್ 1969ರಲ್ಲಿ ಮುಂದಿಟ್ಟ ಈ ಮುಕ್ಕಾಲಿ ಲೆಕ್ಕ ಇವತ್ತಿಗೂ ರೈನೋಪ್ಲಾಸ್ಟಿ, ಅಂದರೆ ಮೂಗಿನ ಆಕಾರ ತಿದ್ದುವ ಆಪರೇಷನ್, ಕಲಿಯುವವರ ಮೊದಲ ಪಾಠ. ಹೊರಗಾಲುಗಳನ್ನು ಗಿಡ್ಡ ಮಾಡಿದರೆ ತುದಿ ಮೇಲಕ್ಕೆ ತಿರುಗುತ್ತದೆ. ನಡುವಿನ ಕಾಲು ಗಿಡ್ಡವಾದರೆ ತುದಿ ಜೋಲುತ್ತದೆ. ಎಷ್ಟು ಸರಳ, ಅಲ್ವಾ?

ಹಿಂದೆ ದಪ್ಪ ತುದಿಯನ್ನು ಸಣ್ಣ ಮಾಡಲು ಹೊರಗಾಲಿನ ಮೇಲಂಚನ್ನು ಧಾರಾಳವಾಗಿ ಕತ್ತರಿಸುತ್ತಿದ್ದರು. ಮೂಗು ಮೊದಮೊದಲು ಚೆಂದವೇ ಕಾಣುತ್ತಿತ್ತು. ಆದರೆ ಒಳಗಿನ ಗಾಯ ಒಣಗುತ್ತಾ ಬಿಗಿಯುತ್ತದೆ. ಸಣಕಲಾದ ಕಾಲು ಆ ಎಳೆತವನ್ನು ತಡೆಯಲಾರದು. ವರ್ಷಗಳ ಮೇಲೆ ತುದಿ ಚಿವುಟಿದ ಹಾಗೆ ಆಗುತ್ತದೆ, ಹೊಳ್ಳೆಯ ಅಂಚು ಮೇಲೆ ಸರಿಯುತ್ತದೆ. ಕೆಲವರಿಗೆ ಉಸಿರು ಎಳೆದಾಗ ಹೊಳ್ಳೆಯೇ ಮುಚ್ಚಿಕೊಳ್ಳುತ್ತದೆ. ಚೆಂದಕ್ಕೆಂದು ಹೋಗಿ ಉಸಿರಿಗೆ ಕಷ್ಟ ತಂದುಕೊಳ್ಳುವುದು ನಿಜಕ್ಕೂ ಸಂಕಟದ ಸಂಗತಿ. ಅದಕ್ಕೇ ಈಗ ಕನಿಷ್ಠ 6ರಿಂದ 8 ಮಿಲಿಮೀಟರ್ ಅಗಲದ ಪಟ್ಟಿಯನ್ನಾದರೂ ಉಳಿಸುತ್ತಾರೆ. ಆಪರೇಷನ್ ಮಾಡಿಸುವವರು ಡಾಕ್ಟರನ್ನು ಕೇಳಬೇಕಾದ್ದೂ ಇದನ್ನೇ: ಎಷ್ಟು ಉಳಿಸುತ್ತೀರಿ?

ಈಗ ಕತ್ತರಿಗಿಂತ ಹೊಲಿಗೆಗೆ ಕೆಲಸ ಜಾಸ್ತಿ. ಕಮಾನಿನ ನೆತ್ತಿಗೆ ದಾರ ಹಾಕಿ ಬಿಗಿದರೆ ಅದು ಕಿರಿದಾಗುತ್ತದೆ. ಎರಡೂ ನೆತ್ತಿಗಳನ್ನು ಹತ್ತಿರಕ್ಕೆ ಎಳೆದು ಕಟ್ಟಿದರೆ ತುದಿ ಚೂಪಾಗುತ್ತದೆ. ಸರಿ ಬರಲಿಲ್ಲವೆಂದರೆ ಆಗಲೇ ಬಿಚ್ಚಿ ಮತ್ತೆ ಹಾಕಬಹುದು. ಕತ್ತರಿಸಿದ್ದನ್ನು ಹಾಗೆ ಮರಳಿ ಕೂಡಿಸಲಾಗದು. ತುದಿ ಜೋಲುತ್ತಿದ್ದರೆ ಮೂಗಿನ ನಡುಗೋಡೆಯಿಂದ ಒಂದು ಚೂರು ಮೃದ್ವಸ್ಥಿ ತೆಗೆದು ಒಳಗಾಲುಗಳ ನಡುವೆ ಊರುಗೋಲಿನಂತೆ ನಿಲ್ಲಿಸುತ್ತಾರೆ. ಅಲ್ಲಿ ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತರುತ್ತಾರೆ.

ಇಷ್ಟಾದರೂ ಮೇಲೆ ಚರ್ಮವಿದೆ. ತೆಳು ಚರ್ಮದಲ್ಲಿ ಸಣ್ಣ ಏರುಪೇರೂ ಎದ್ದು ಕಾಣುತ್ತದೆ. ದಪ್ಪ ಚರ್ಮ ದಪ್ಪ ಕಂಬಳಿಯ ಹಾಗೆ, ಒಳಗಿನ ನಾಜೂಕು ಕೆಲಸವನ್ನೆಲ್ಲ ಮುಚ್ಚಿಬಿಡುತ್ತದೆ. ಅಂಥ ಮೂಗಿನಲ್ಲಿ ಮುಕ್ಕಾಲಿಯನ್ನು ಇನ್ನೂ ಗಟ್ಟಿ ಮಾಡಬೇಕು. ಬಾವು ಕೊನೆಗೆ ಇಳಿಯುವುದೂ ತುದಿಯಲ್ಲೇ. ಅದರ ನಿಜವಾದ ಆಕಾರ ಕಾಣಲು ಸುಮಾರು ಒಂದು ವರ್ಷ ಕಾಯಬೇಕು, ದಪ್ಪ ಚರ್ಮದವರು ಇನ್ನೂ ಸ್ವಲ್ಪ ಜಾಸ್ತಿ.