ಬೆನ್ನು ನೆಲಕ್ಕೆ ತಾಗಿದ ಮೇಲೆ

ನಮ್ಮ ಕುಸ್ತಿಯಲ್ಲಿ ಲೆಕ್ಕ ಸರಳ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಗೆದ್ದ ಹಾಗೆ. ದಸರಾ ಕುಸ್ತಿ ನೋಡಿದವರಿಗೆ ಇದು ಗೊತ್ತು. ಬೆನ್ನು ತಾಗಿದ್ದೇ ತಡ, ಜನ ಎದ್ದು ಕೂಗುತ್ತಾರೆ, ಸೋತ ಪೈಲ್ವಾನ ಮಣ್ಣು ಕೊಡವಿಕೊಂಡು ಹೊರಡುತ್ತಾನೆ. ಬ್ರೆಜಿಲಿಯನ್ ಜಿಯು-ಜಿಟ್ಸು ಎಂಬ ಕಾದಾಟದ ಕಲೆಯಲ್ಲಿ ಅಸಲಿ ಆಟ ಶುರುವಾಗುವುದೇ ಅಲ್ಲಿಂದ. ಬೆನ್ನ ಮೇಲೆ ಮಲಗಿದವನು ಎರಡೂ ಕಾಲಿನಿಂದ ಮೇಲಿನವನ ಸೊಂಟವನ್ನು ಸುತ್ತಿ ಹಿಡಿಯುತ್ತಾನೆ. ಈ ಹಿಡಿತಕ್ಕೆ ಗಾರ್ಡ್ ಎಂದು ಹೆಸರು. ನೋಡುವವರಿಗೆ ಕೆಳಗಿನವನು ಸೋತೇ ಹೋದ ಅನ್ನಿಸುತ್ತದೆ. ಆದರೆ ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಬಲವಾದ ಸ್ನಾಯುಗಳು ಇರುವುದು ತೊಡೆ ಮತ್ತು ಸೊಂಟದ ಸುತ್ತ. ಕೆಳಗಿರುವವನು ಆ ಬಲವನ್ನು ಮೇಲಿನವನ ತೋಳಿನ ಎದುರು ಹೂಡಿದ್ದಾನೆ. ಮೇಲಿನವನು ಬಾಗಿದರೆ ಕುತ್ತಿಗೆ ಸಿಗುತ್ತದೆ, ಕೈ ಊರಿದರೆ ಮೊಣಕೈ ಸಿಗುತ್ತದೆ.

ಈ ವಿದ್ಯೆ ಹುಟ್ಟಿದ್ದು ಹೇಗೆ? ರಿಯೋ ಡಿ ಜನೈರೋದ ಗ್ರೇಸಿ ಮನೆತನ ಹೇಳಿಕೊಂಡು ಬಂದ ಕತೆ ಹೀಗಿದೆ. ಭಾರತದ ಬೌದ್ಧ ಭಿಕ್ಷುಗಳು ಆತ್ಮರಕ್ಷಣೆಗೆ ಕಂಡುಕೊಂಡ ಪಟ್ಟುಗಳು ಚೀನಾ ದಾಟಿ ಜಪಾನ್ ಸೇರಿದವು. ಅಲ್ಲಿಂದ ಮಿತ್ಸುಯೊ ಮಯೆದಾ ಎಂಬ ಸೋಲರಿಯದ ಜಟ್ಟಿ ಬ್ರೆಜಿಲ್‌ಗೆ ಬಂದ. ಅಮೆಜಾನ್ ಸೀಮೆಯ ಬೆಲೆಂ ಊರಿನಲ್ಲಿ ಗಾಸ್ತಾವೋ ಗ್ರೇಸಿ ಎಂಬ ವ್ಯಾಪಾರಿ ಅವನಿಗೆ ನೆರವಾದ. ಆ ಋಣಕ್ಕೆ ಮಯೆದಾ ಅವನ ಮಗ ಕಾರ್ಲೋಸ್‌ಗೆ ವಿದ್ಯೆ ಧಾರೆ ಎರೆದ. ಕಾರ್ಲೋಸ್ 1925ರಲ್ಲಿ ರಿಯೋದಲ್ಲಿ ಶಾಲೆ ತೆರೆದ. ಅವನ ಕೊನೆಯ ತಮ್ಮ ಹೆಲಿಯೋ ಬಡಕಲು ಹುಡುಗ, ಮಾತುಮಾತಿಗೆ ತಲೆಸುತ್ತಿ ಬೀಳುವವನು. ಅಖಾಡಕ್ಕೆ ಇಳಿಯುವ ಹಾಗಿಲ್ಲ, ಕೂತು ನೋಡಬೇಕು ಅಷ್ಟೇ. ಒಂದು ದಿನ ಅಣ್ಣ ಬರಲು ತಡವಾಯಿತು. ಕಾಯುತ್ತಿದ್ದ ಶಿಷ್ಯನಿಗೆ ಹೆಲಿಯೋನೇ ಪಾಠ ಹೇಳಿದ. ಬಲ ಬೇಡುವ ಪಟ್ಟುಗಳು ತನ್ನ ಮೈಗೆ ಒಗ್ಗಲಿಲ್ಲವಾದ್ದರಿಂದ ಒಂದೊಂದನ್ನೂ ತಿದ್ದಿದ. ಸಣ್ಣವನು ದೊಡ್ಡವನನ್ನು ಗೆಲ್ಲುವ ವಿದ್ಯೆ ಹೀಗೆ ಹುಟ್ಟಿತು.

ತುಂಬಾ ಚೆಂದದ ಕತೆ, ಅಲ್ವಾ? ಲಕ್ಷಾಂತರ ಜನರನ್ನು ಈ ಕಲೆಯತ್ತ ಕರೆತಂದ ಕತೆ ಇದು. ಅದಕ್ಕೇ ಇದನ್ನು ದಾಖಲೆಗಳ ಜೊತೆ ಇಟ್ಟು ನೋಡುವುದು ಮುಖ್ಯ.

ಭಾರತದ ಭಿಕ್ಷುಗಳ ಮಾತಿಗೆ ಯಾವ ಆಧಾರವೂ ಇಲ್ಲ. ನಮಗೆ ಹೆಮ್ಮೆ ಕೊಡುವ ಮಾತು ಎಂದು ಒಪ್ಪಿಕೊಳ್ಳಲು ಆಗುವುದಿಲ್ಲ. ಜಪಾನಿನ ಜುಜುತ್ಸು ಅಲ್ಲಿನ ಯುದ್ಧಕಾಲದ ಕಲೆ. ಹಳೆಯ ಪರಂಪರೆಗಳಲ್ಲಿ ಒಂದಾದ ತಾಕೆನೊಉಚಿ-ರ್ಯೂ ತನ್ನ ಆರಂಭವನ್ನು 1532ಕ್ಕೆ ಗುರುತಿಸುತ್ತದೆ. ಮಯೆದಾ ಕಲಿತದ್ದು ಆ ಹಳೆಯ ಜುಜುತ್ಸುವನ್ನೂ ಅಲ್ಲ, ಜೂಡೋವನ್ನು. ಆಗ ಹೊರದೇಶಗಳಲ್ಲಿ ಜೂಡೋವನ್ನೂ ಜಿಯು-ಜಿಟ್ಸು ಎಂದೇ ಕರೆಯುತ್ತಿದ್ದರು. ಬ್ರೆಜಿಲ್‌ನಲ್ಲಿ ಆ ಹೆಸರೇ ಉಳಿಯಿತು.

ಮಯೆದಾ ಮಾತ್ರ ನಿಜಕ್ಕೂ ದೊಡ್ಡ ಆಸಾಮಿ. 1878ರಲ್ಲಿ ಜಪಾನಿನ ಉತ್ತರದ ಅಓಮೋರಿ ಪ್ರಾಂತ್ಯದಲ್ಲಿ ಹುಟ್ಟಿದವರು, ಎತ್ತರ ಐದೂವರೆ ಅಡಿಗಿಂತ ಕಮ್ಮಿ. 1904ರಲ್ಲಿ ಜೂಡೋ ಪ್ರಚಾರಕ್ಕೆ ಅಮೆರಿಕಕ್ಕೆ ಹೋದವರು ಮತ್ತೆ ಊರಿಗೆ ಮರಳಿ ನೆಲೆಸಲೇ ಇಲ್ಲ. ಇಂಗ್ಲೆಂಡ್, ಸ್ಪೇನ್, ಕ್ಯೂಬಾ, ಮೆಕ್ಸಿಕೋ ಎಲ್ಲ ಸುತ್ತುತ್ತಾ ಹಣಕ್ಕಾಗಿ ಕಾದಾಡಿದರು. ಸೋಲೇ ಕಾಣಲಿಲ್ಲ ಅನ್ನುವುದು ಸುಮ್ನೆ ಬೆಳೆದ ಮಾತು. 1908ರಲ್ಲಿ ಲಂಡನ್ನಿನ ಅಲ್‌ಹಾಂಬ್ರಾ ರಂಗಮಂದಿರದಲ್ಲಿ ನಡೆದ ಕುಸ್ತಿ ಪಂದ್ಯಾವಳಿಯಲ್ಲಿ ಅವರು ಸೋತದ್ದು ದಾಖಲಾಗಿದೆ. 1914ರಲ್ಲಿ ಬ್ರೆಜಿಲ್ ತಲುಪಿ ಬೆಲೆಂನಲ್ಲಿ ನೆಲೆಯೂರಿದರು. ಮುಂದೆ ಜಪಾನಿ ವಲಸಿಗರು ಅಮೆಜಾನ್ ಕಾಡಿನಂಚಿನಲ್ಲಿ ಬೇಸಾಯಕ್ಕೆ ನಿಲ್ಲಲು ನೆರವಾದರು. 1929ರಲ್ಲಿ ಶುರುವಾದ ಟೊಮೆ-ಆಸು ಎಂಬ ಆ ನೆಲೆಗೆ ಸಿಂಗಪುರದಿಂದ ಕರಿಮೆಣಸಿನ ಬಳ್ಳಿ ಬಂತು. ನಮ್ಮ ಪಶ್ಚಿಮ ಘಟ್ಟದ ಮೂಲದ ಬಳ್ಳಿ ಅದು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಅದು ಚಿನ್ನದ ಬೆಳೆಯಾಯಿತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಬ್ರೆಜಿಲ್ ಮೆಣಸಿನ ಪೈಪೋಟಿ ಚೆನ್ನಾಗಿ ಗೊತ್ತು. ಅದರ ಬೇರಿನ ಹತ್ತಿರ ಒಬ್ಬ ಜೂಡೋ ಜಟ್ಟಿ ನಿಂತಿದ್ದಾರೆ. ಆ ಭರಾಟೆ ನೋಡಲು ಅವರು ಉಳಿಯಲಿಲ್ಲ. 1941ರಲ್ಲಿ ಬೆಲೆಂನಲ್ಲೇ ತೀರಿಕೊಂಡರು.

ನನ್ನ ಮಟ್ಟಿಗೆ ಈ ಇಡೀ ಕತೆಯ ತಿರುಳು ಇರುವುದು ಇನ್ನೂ ಹಿಂದೆ, ಮಯೆದಾರ ಗುರುಪೀಠದಲ್ಲಿ. 1882ರಲ್ಲಿ ಟೋಕಿಯೋದ ಎಯ್ಶೋಜಿ ಎಂಬ ದೇವಾಲಯದ ಒಂದು ಕೋಣೆಯಲ್ಲಿ ಜೂಡೋ ಕಟ್ಟಿದ ಜಿಗೊರೊ ಕಾನೊ ತಮ್ಮ ಕೊಡೊಕಾನ್ ಶಾಲೆ ಶುರುಮಾಡಿದರು. ಹಾಸಿದ್ದು 12 ಚಾಪೆ. ಕಾನೊಗೆ ಆಗ ಇನ್ನೂ 21-22ರ ವಯಸ್ಸು. ಹಳೆಯ ಜುಜುತ್ಸು ಶಾಲೆಗಳಲ್ಲಿ ಕಣ್ಣಿಗೆ ತಿವಿಯುವುದು, ಮರ್ಮಕ್ಕೆ ಹೊಡೆಯುವುದು ಎಲ್ಲ ಇತ್ತು. ಆದರೆ ಅವನ್ನು ಗೆಳೆಯನ ಮೇಲೆ ಪೂರ್ತಿ ಬಲ ಹಾಕಿ ಮಾಡಿ ನೋಡಲಾಗುತ್ತದೆಯೇ? ಹಾಗಾಗಿ ಅವು ಒಪ್ಪಂದದ ವರಸೆಗಳಾಗಿ ಉಳಿಯುತ್ತಿದ್ದವು. ಒಬ್ಬ ಹೀಗೆ ಬರುತ್ತಾನೆ, ಇನ್ನೊಬ್ಬ ಹಾಗೆ ಬೀಳುತ್ತಾನೆ. ನಿಜವಾದ ಜಗಳದಲ್ಲಿ ಅದು ನಡೆಯುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ದಾರಿ ಇರಲಿಲ್ಲ. ಕಾನೊ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಉಳಿದವನ್ನು ಹಿಡಿದು ಇಬ್ಬರೂ ಮನಸ್ಸಿಟ್ಟು ಕಾದಾಡುವ ಅಭ್ಯಾಸಕ್ಕೆ ಮೊದಲ ಸ್ಥಾನ ಕೊಟ್ಟರು. ಅದರ ಹೆಸರು ರಂದೋರಿ. ಸಿಕ್ಕಿಬಿದ್ದವನು ಎರಡು ಸಲ ತಟ್ಟಿದರೆ ಸಾಕು, ಹಿಡಿದವನು ಬಿಟ್ಟುಬಿಡಬೇಕು. ಇಬ್ಬರೂ ಎದ್ದು ಮತ್ತೆ ಶುರುಮಾಡಬಹುದು.

ಈ ತಟ್ಟುವಿಕೆ ನೋಡಲು ಸಣ್ಣದು. ಆದರೆ ಅದು ಕಾದಾಟವನ್ನು ಪ್ರಯೋಗ ಮಾಡಿಬಿಟ್ಟಿತು. ಎದುರಾಳಿ ಒಪ್ಪದೇ ಇರುವಾಗ, ತಪ್ಪಿಸಿಕೊಳ್ಳಲು ಒದ್ದಾಡುತ್ತಿರುವಾಗ ಪಟ್ಟು ಕೆಲಸ ಮಾಡಿತೇ? ಉತ್ತರ ಅಲ್ಲೇ ಸಿಗುತ್ತದೆ. ಒಂದೇ ಸಂಜೆಯಲ್ಲಿ ಹತ್ತಾರು ಸಲ ಸಿಗುತ್ತದೆ. ಕೆಲಸಕ್ಕೆ ಬಾರದ್ದು ತಾನಾಗಿ ಉದುರಿ ಹೋಗುತ್ತದೆ. ಗ್ರೇಸಿಗಳಿಗೆ ಬಂದ ನಿಜವಾದ ಆಸ್ತಿ ಇದು. ಅವರು ಇದನ್ನು ನೆಲದ ಮೇಲಿನ ಕಾದಾಟಕ್ಕೆ ಜಾಸ್ತಿ ಒತ್ತು ಕೊಟ್ಟು, ತಲೆಮಾರುಗಟ್ಟಲೆ ಬಿಡದೆ ನಡೆಸಿದರು. ಹೆಲಿಯೋನ ಬಡಕಲು ಮೈಯ ಕತೆಯೂ ಪೂರ್ತಿ ನಿಲ್ಲುವುದಿಲ್ಲ. ಅವರು ಹರೆಯದಲ್ಲಿ ಈಜು ಮತ್ತು ದೋಣಿ ಹುಟ್ಟು ಹಾಕುವ ಸ್ಪರ್ಧೆಗಳಲ್ಲಿ ಇದ್ದವರು. ಆದರೆ ತೂಕ ಕಮ್ಮಿ ಇದ್ದದ್ದು ನಿಜ, ಎದೆಗಾರಿಕೆ ಇದ್ದದ್ದೂ ನಿಜ.

ಅದನ್ನು ತೋರಿಸಲು ಒಂದು ಪಂದ್ಯ ಸಾಕು. 1951ರ ಅಕ್ಟೋಬರ್ 23, ರಿಯೋದ ಮರಕಾನಾ ಕ್ರೀಡಾಂಗಣ. 38 ವರ್ಷದ ಹೆಲಿಯೋ ಎದುರು ಜಪಾನಿನ ಮಸಾಹಿಕೊ ಕಿಮುರಾ. ಕಿಮುರಾ ಜೂಡೋ ಇತಿಹಾಸದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬರು, ತೂಕದಲ್ಲೂ ತುಂಬಾ ಮುಂದು. ಎತ್ತಿ ಎಸೆದದ್ದಕ್ಕೆ ಅಂಕ ಇಲ್ಲ, ಒಬ್ಬ ಸೋಲೊಪ್ಪುವವರೆಗೆ ಆಟ. ಕಿಮುರಾ ಮತ್ತೆ ಮತ್ತೆ ಎಸೆದರು. ಎರಡನೇ ಸುತ್ತಿನಲ್ಲಿ ಹೆಲಿಯೋನ ಎಡಗೈ ಸಿಕ್ಕಿತು.

ಆ ಪಟ್ಟನ್ನು ಹತ್ತಿರದಿಂದ ನೋಡೋಣ. ಸಿಕ್ಕಿದ ಕೈಯ ಮೊಣಕೈ ಮಡಚಿದೆ. ಹಿಡಿದವನ ಒಂದು ಕೈ ಮಣಿಕಟ್ಟಿನ ಮೇಲೆ. ಇನ್ನೊಂದು ಕೈ ಎದುರಾಳಿಯ ತೋಳನ್ನು ಸುತ್ತಿ ಬಂದು ತನ್ನದೇ ಮಣಿಕಟ್ಟನ್ನು ಹಿಡಿದಿದೆ. ಈಗ ಆ ಮುಂಗೈಯನ್ನು ಬೆನ್ನಿನ ಹಿಂದಕ್ಕೆ ತಿರುಗಿಸಬೇಕು. ಬಂಡೆಯ ಅಡಿಗೆ ಹಾರೆ ಕೊಟ್ಟು ಮೀಟುವಾಗ ಆಗುವುದೇ ಇಲ್ಲೂ ಆಗುತ್ತದೆ. ಮುಂಗೈಯೇ ಹಾರೆ. ಬಲ ಬೀಳುವ ಜಾಗ ತಿರುಗುವ ಅಕ್ಷದಿಂದ ಸುಮಾರು 25 ಸೆಂ.ಮೀ. ದೂರ. ತಡೆಯಬೇಕಾದ ಭುಜದ ಸ್ನಾಯುಗಳು ಮೂಳೆಗೆ ಅಂಟಿರುವುದು ಅಕ್ಷದಿಂದ ಎರಡು-ಮೂರು ಸೆಂ.ಮೀ. ದೂರದಲ್ಲಿ. ಅಂದರೆ ಮಣಿಕಟ್ಟಿನ ಮೇಲೆ 20 ಕಿಲೋ ಭಾರದಷ್ಟು ಒತ್ತಿದರೆ, ತಡೆಯಲು ಆ ಸ್ನಾಯುಗಳು ಹೆಚ್ಚುಕಮ್ಮಿ 200 ಕಿಲೋದಷ್ಟು ಎಳೆಯಬೇಕು. ಒತ್ತುವವನು ಎರಡೂ ತೋಳು, ಬೆನ್ನು, ಸೊಂಟ ಎಲ್ಲ ಹೂಡಿದ್ದಾನೆ. ಭುಜ ಎಷ್ಟು ಹೊತ್ತು ತಡೆದೀತು?

ಹೆಲಿಯೋ ತಟ್ಟಲಿಲ್ಲ. ಮೂಳೆ ಮುರಿದ ಸದ್ದು ಕೇಳಿಸಿತು ಎಂದು ಕಿಮುರಾ ಮುಂದೆ ಬರೆದುಕೊಂಡಿದ್ದಾರೆ. ಕೊನೆಗೆ ಅಣ್ಣ ಕಾರ್ಲೋಸ್ ತಮ್ಮನ ಪರವಾಗಿ ಸೋಲೊಪ್ಪಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರನ್ನು ನಾವೆಲ್ಲ ನೋಡಿದ್ದೇವೆ. ಗ್ರೇಸಿಗಳು ಹಾಗೆ ಮಾಡಲಿಲ್ಲ. ತಮ್ಮನ್ನು ಸೋಲಿಸಿದ ಪಟ್ಟಿಗೆ ಸೋಲಿಸಿದವರ ಹೆಸರನ್ನೇ ಇಟ್ಟುಕೊಂಡರು. ಇವತ್ತು ಜಗತ್ತಿನ ಯಾವ ಜಿಯು-ಜಿಟ್ಸು ಶಾಲೆಗೆ ಹೋದರೂ ಅದು ಕಿಮುರಾ. ಈ ಕಲೆಯ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಕತೆಯ ಹೊರಗೆ ಉಳಿದವರೂ ಇದ್ದಾರೆ. ಮಯೆದಾರ ಇನ್ನೊಬ್ಬ ಶಿಷ್ಯ ಲೂಯಿಸ್ ಫ್ರಾಂಸಾ. ಅವರ ಶಿಷ್ಯ ಓಸ್ವಾಲ್ಡೋ ಫದ್ದಾ. ಗ್ರೇಸಿಗಳ ಶಾಲೆ ರಿಯೋದ ಉಳ್ಳವರದ್ದಾಗಿದ್ದಾಗ, ಫದ್ದಾ ಊರ ಹೊರವಲಯದ ಬೆಂತೋ ರಿಬೈರೋದಲ್ಲಿ ಬಡ ಹುಡುಗರಿಗೆ ದುಡ್ಡಿಲ್ಲದೆ ಕಲಿಸಿದರು. 1950ರ ದಶಕದಲ್ಲಿ ಅವರ ಹುಡುಗರು ಗ್ರೇಸಿ ಶಾಲೆಗೆ ಸವಾಲು ಹಾಕಿ ಗೆದ್ದರು. ಗೆಲ್ಲಿಸಿದ್ದು ಪಾದದ ಪಟ್ಟುಗಳು. ಗ್ರೇಸಿಗಳ ಕಡೆ ಅವನ್ನು ಕೀಳು ಎಂದು ಕಡೆಗಣಿಸಿದ್ದರು. ಇವತ್ತಿನ ದೊಡ್ಡ ಪಂದ್ಯಗಳಲ್ಲಿ ಕಾಲಿನ ಪಟ್ಟು ಬಾರದೆ ಇದ್ದರೆ ನಡೆಯುವುದೇ ಇಲ್ಲ.

ಇನ್ನು ಕುತ್ತಿಗೆ. ಕುತ್ತಿಗೆ ಹಿಡಿದರೆ ಉಸಿರುಗಟ್ಟುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸರಿಯಾಗಿ ಹಾಕಿದ ಪಟ್ಟು ಉಸಿರಿನ ತಂಟೆಗೇ ಹೋಗುವುದಿಲ್ಲ. ಹಿಂದಿನಿಂದ ತೋಳು ಸುತ್ತಿದಾಗ ಗಂಟಲು ಮೊಣಕೈಯ ಮಡಿಕೆಯಲ್ಲಿ ಆರಾಮಾಗಿ ಕೂರುತ್ತದೆ. ಒಂದು ಪಕ್ಕದಿಂದ ತೋಳು, ಇನ್ನೊಂದು ಪಕ್ಕದಿಂದ ಮುಂಗೈ ಒತ್ತುತ್ತವೆ. ಅಲ್ಲಿರುವುದು ಮಿದುಳಿಗೆ ರಕ್ತ ಒಯ್ಯುವ ಎರಡು ಕ್ಯಾರೋಟಿಡ್ ನಾಳಗಳು. ಮಿದುಳಿನ ತೂಕ ದೇಹದ ಶೇಕಡಾ 2ರಷ್ಟು, ಆದರೆ ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಅಮೆರಿಕದ ಸಂಶೋಧಕರು ಕುತ್ತಿಗೆಗೆ ಗಾಳಿ ತುಂಬುವ ಪಟ್ಟಿ ಕಟ್ಟಿ ಮಾಡಿದ ಪ್ರಯೋಗದ ವರದಿ 1943ರಲ್ಲಿ ಬಂತು. ರಕ್ತ ನಿಂತ ಮೇಲೆ ಎಚ್ಚರ ತಪ್ಪಲು ಹಿಡಿದದ್ದು ಸರಾಸರಿ ಏಳು ಸೆಕೆಂಡ್. ಜೂಡೋದಲ್ಲಿ ಸಾಮಾನ್ಯವಾಗಿ ಹತ್ತು ಸೆಕೆಂಡ್ ಆಸುಪಾಸು.

ನ್ಯಾಯವೈದ್ಯಶಾಸ್ತ್ರದ ಪುಸ್ತಕಗಳ ಲೆಕ್ಕದಲ್ಲಿ ಕ್ಯಾರೋಟಿಡ್ ಮುಚ್ಚಲು 5 ಕಿಲೋದಷ್ಟು ಒತ್ತಡ ಸಾಕು, ಶ್ವಾಸನಾಳಕ್ಕೆ 15 ಕಿಲೋ ಬೇಕು. ಸಣ್ಣ ತೋಳಿನವರೂ ಈ ಪಟ್ಟು ಹಾಕಬಲ್ಲರು ಅನ್ನುವುದರ ಗುಟ್ಟು ಇದೇ. ಬಿಟ್ಟ ಕೂಡಲೇ ಸಾಮಾನ್ಯವಾಗಿ ಎಚ್ಚರ ಬರುತ್ತದೆ. ಹಾಗೆಂದು ಮನೆಯಲ್ಲಿ ಗೆಳೆಯರ ಮೇಲೆ ಮಾಡಿ ನೋಡುವ ಆಟ ಇದಲ್ಲ. ಕುತ್ತಿಗೆಯ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕಲಿಸುವವರ ಎದುರು, ತಟ್ಟಿದ ಕೂಡಲೇ ಬಿಡುವವರ ಜೊತೆ ಮಾತ್ರ.

ಜಗತ್ತು ಇದನ್ನು ಕಂಡದ್ದು 1993ರ ನವೆಂಬರ್ 12ರಂದು, ಅಮೆರಿಕದ ಡೆನ್ವರ್‌ನಲ್ಲಿ. ಹೆಲಿಯೋನ ಹಿರಿಮಗ ರೋರಿಯನ್ ಸೇರಿ ಶುರುಮಾಡಿದ ಮೊದಲ ಯುಎಫ್‌ಸಿ (ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್) ಪಂದ್ಯಾವಳಿ. ಬೇರೆ ಬೇರೆ ಕಲೆಯ ಎಂಟು ಜನ. ಗ್ರೇಸಿಗಳು ಕಳಿಸಿದ್ದು ರೋರಿಯನ್ ತಮ್ಮ, ಸುಮಾರು 80 ಕಿಲೋ ತೂಕದ ರಾಯ್ಸ್‌ನನ್ನು. ಒಂದೇ ರಾತ್ರಿ ಮೂವರನ್ನು ಸೋಲೊಪ್ಪಿಸಿದ. ಮೂರೂ ಕಾದಾಟ ಸೇರಿ ಹಿಡಿದದ್ದು ಸುಮಾರು ಐದು ನಿಮಿಷ. ಮರುವರ್ಷ ತನಗಿಂತ ಸುಮಾರು 35 ಕಿಲೋ ಜಾಸ್ತಿ ಇದ್ದ ಕುಸ್ತಿಪಟು ಡ್ಯಾನ್ ಸೆವರ್ನ್‌ನ ಅಡಿಯಲ್ಲಿ ಹದಿನೈದು ನಿಮಿಷ ಸಿಕ್ಕಿಕೊಂಡಿದ್ದ. ಕೊನೆಗೆ ಬೆನ್ನ ಮೇಲೆ ಮಲಗಿದ್ದ ಹಾಗೆಯೇ ಕಾಲುಗಳಿಂದ ಕುತ್ತಿಗೆ ಕಟ್ಟಿ ಗೆದ್ದ. ಉಳಿದವರು ಕಲಿಯಲು ತಡ ಮಾಡಲಿಲ್ಲ. 2000ದ ಮೇ 1ರಂದು ಟೋಕಿಯೋದಲ್ಲಿ ಕಜುಷಿ ಸಕುರಾಬಾ 90 ನಿಮಿಷ ಸೆಣಸಿ ಅದೇ ರಾಯ್ಸ್‌ನನ್ನು ಸೋಲಿಸಿದರು.

ಹಾಗಾದರೆ ತೂಕ ಲೆಕ್ಕಕ್ಕೇ ಇಲ್ಲವೇ? ಇದೆ. ಜಿಯು-ಜಿಟ್ಸು ಪಂದ್ಯಗಳಲ್ಲೇ ತೂಕದ ವಿಭಾಗಗಳಿವೆ. ಇಬ್ಬರಿಗೂ ವಿದ್ಯೆ ಸಮ ಇದ್ದರೆ ದೊಡ್ಡವನೇ ಮುಂದು. ಆದರೂ ತೂಕದ ಹಂಗಿಲ್ಲದ ಮುಕ್ತ ವಿಭಾಗವನ್ನು ಇಲ್ಲಿ ಬಿಟ್ಟುಕೊಟ್ಟಿಲ್ಲ. 77 ಕಿಲೋ ವಿಭಾಗದ ಮಾರ್ಸೆಲೋ ಗಾರ್ಸಿಯಾ 2007ರಲ್ಲಿ ಎಡಿಸಿಸಿ ಎಂಬ ಹಿಡಿತದ ಕಾದಾಟದ ದೊಡ್ಡ ಪಂದ್ಯಾವಳಿಯಲ್ಲಿ ದೊಡ್ಡ ದೊಡ್ಡವರ ನಡುವೆ ಈ ಮುಕ್ತ ವಿಭಾಗದ ಫೈನಲ್ ತಲುಪಿದರು. ಅಲ್ಲಿ ಅವರನ್ನು ಸೋಲಿಸಿದ್ದು ರಾಬರ್ಟ್ ಡ್ರೈಸ್‌ಡೇಲ್.

ಆ ಡ್ರೈಸ್‌ಡೇಲ್ ಮುಂದೆ ಈ ಕಲೆಯ ಇತಿಹಾಸ ಹುಡುಕಲು ಹೊರಟರು. ಅವರು ಮತ್ತು ಇತರ ಸಂಶೋಧಕರು ಬ್ರೆಜಿಲ್‌ನ ಹಳೆಯ ಪತ್ರಿಕೆಗಳನ್ನು ಬಗೆದು ತಂದ ಹೆಸರುಗಳು ಹಲವು. ಮನೌಸ್‌ನಲ್ಲಿ ಕಲಿಸಿದ ಸತಾಕೆ, ಸಾವೋ ಪಾವ್ಲೋದಲ್ಲಿ ಕಾರ್ಲೋಸ್ ಜೊತೆ ಸೆಣಸಿದ ಗೇವೋ ಓಮೋರಿ. 1930ರಲ್ಲಿ ರಿಯೋದಲ್ಲಿ ಶುರುವಾದ ಶಾಲೆಯ ಮುಂದಾಳು ದೊನಾತೋ ಪಿರೆಸ್ ದೊಸ್ ರೆಯಿಸ್. ಮನೆತನದ ಕತೆಯಲ್ಲಿ ಶಾಲೆ ತೆರೆದವರಾದ ಕಾರ್ಲೋಸ್ ಅಲ್ಲಿ ಸಹಾಯಕ. ಜಿಯು-ಜಿಟ್ಸು ಶಾಲೆಗಳ ಗೋಡೆಯ ಮೇಲೆ ಸಾಮಾನ್ಯವಾಗಿ ಕಾರ್ಲೋಸ್ ಮತ್ತು ಹೆಲಿಯೋ ಫೋಟೋ ಇರುತ್ತದೆ. ಇರಲಿ, ಇರಬೇಕಾದದ್ದೇ. ಪಕ್ಕದಲ್ಲಿ ದೊನಾತೋ ಮತ್ತು ಫದ್ದಾಗೂ ಒಂದೊಂದು ಮೊಳೆ ಹೊಡೆಯಲಿ ಎಂದು ನನ್ನ ಆಸೆ.